ಲಿನಕ್ಸ್ ಕರ್ನಲ್‌ನಲ್ಲಿ ವಿದ್ಯುತ್ ನಿರ್ವಹಣೆ

ಲಿನಕ್ಸ್ ಕರ್ನಲ್‌ನ ವಿದ್ಯುತ್ ನಿರ್ವಹಣೆ ಎಂಬುದು ಗಣಕಯಂತ್ರದ ಪ್ರೊಸೆಸರ್, ಮೆಮೊರಿ, ಡಿಸ್ಕ್, ಪರದೆ, ವೈಫೈ ಮೊದಲಾದ ಯಂತ್ರಾಂಶಗಳು ಯಾವಾಗ ಎಷ್ಟು ವಿದ್ಯುತ್ತನ್ನು ಬಳಸಬೇಕು ಎಂಬುದನ್ನು ನಿಯಂತ್ರಿಸುವ ಕರ್ನಲ್ ಭಾಗಗಳ ಸಮೂಹವಾಗಿದೆ. ಕೆಲಸವಿಲ್ಲದ ಸಾಧನವನ್ನು ಮಂದಗೊಳಿಸುವುದು, ಇಡೀ ಯಂತ್ರವನ್ನು ನಿದ್ರಾವಸ್ಥೆಗೆ ಕಳುಹಿಸುವುದು ಮತ್ತು ಅಲ್ಲಿಂದ ಎಬ್ಬಿಸಿ ಮೊದಲಿನ ಸ್ಥಿತಿಗೆ ತರುವುದು ಇದರ ಮುಖ್ಯ ಕೆಲಸಗಳು. ಲ್ಯಾಪ್‌ಟಾಪ್‌ಗಳು, ಆಂಡ್ರಾಯ್ಡ್ ಫೋನ್‌ಗಳು ಮತ್ತು ಸರ್ವರ್‌ಗಳು ಇದೇ ಕರ್ನಲ್ಲನ್ನು ಬಳಸುವುದರಿಂದ ಬ್ಯಾಟರಿಯ ಬಾಳಿಕೆಯಿಂದ ಹಿಡಿದು ದತ್ತಾಂಶ ಕೇಂದ್ರಗಳ ವಿದ್ಯುತ್ ಬಿಲ್ಲಿನವರೆಗೆ ಇದರ ಪರಿಣಾಮವಿದೆ.

ಈ ಕೆಲಸ ಕರ್ನಲ್ ಒಂದರ ಕೈಯಲ್ಲಿಲ್ಲ. ಯಂತ್ರ ತಯಾರಕರು ಬರೆದ ಫರ್ಮ್‌ವೇರ್, ಪ್ರತಿಯೊಂದು ಸಾಧನದ ಡ್ರೈವರ್ ಹಾಗೂ ಬಳಕೆದಾರರ ಕಡೆಯ ಸೇವಾ ತಂತ್ರಾಂಶಗಳು ಒಂದೇ ಕ್ರಮಕ್ಕೆ ಒಪ್ಪಿ ನಡೆಯಬೇಕಾಗುತ್ತದೆ. ಒಂದು ತಪ್ಪಿದರೂ ಮುಚ್ಚಿಟ್ಟ ಲ್ಯಾಪ್‌ಟಾಪ್ ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಬರಿದಾಗಬಹುದು, ಎಚ್ಚರಗೊಂಡ ಯಂತ್ರದ ಪರದೆ ಕಪ್ಪಾಗಿಯೇ ಉಳಿಯಬಹುದು, ಉಳಿಸದ ಕೆಲಸ ಕಳೆದುಹೋಗಬಹುದು. ದೋಷ ಸಂಭವಿಸುವ ಗಳಿಗೆಯಲ್ಲಿ ಪರದೆ, ಡಿಸ್ಕ್ ಮತ್ತು ಕೀಲಿಮಣೆ ಆಗಲೇ ನಿಂತಿರುವುದರಿಂದ ಅದರ ದಾಖಲೆಯೂ ಉಳಿಯುವುದಿಲ್ಲ. ಕರ್ನಲ್‌ನ ಇತರ ದೋಷಗಳಿಗಿಂತ ಇವುಗಳ ಪತ್ತೆ ಕಠಿಣವಾಗಿರುವುದಕ್ಕೆ ಇದೇ ಕಾರಣ.

ಹಿನ್ನೆಲೆ

ವೈಯಕ್ತಿಕ ಗಣಕಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಆರಂಭದ ನಿಯಮಾವಳಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1992ರಲ್ಲಿ ಪ್ರಕಟಿಸಿದ ಎಪಿಎಂ. ಇದರಲ್ಲಿ ನಿರ್ಧಾರದ ಬಹುಪಾಲು ಬಯೋಸ್‌ನದ್ದಾಗಿತ್ತು. ಯಾವ ಕಡತ ತೆರೆದಿದೆ, ಯಾವ ಜಾಲ ಸಂಪರ್ಕ ನಡೆಯುತ್ತಿದೆ ಎಂಬುದು ಬಯೋಸ್‌ಗೆ ತಿಳಿಯುವುದಿಲ್ಲ. ತಿಳಿದಿರುವ ಕಾರ್ಯಾಚರಣಾ ವ್ಯವಸ್ಥೆಗೆ ಅಧಿಕಾರವಿರಲಿಲ್ಲ. ಈ ಕೊರತೆಯನ್ನು ನೀಗಿಸಲು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ 1996ರ ಡಿಸೆಂಬರ್‌ನಲ್ಲಿ ಎಸಿಪಿಐ ಎಂಬ ಹೊಸ ನಿಯಮಾವಳಿಯನ್ನು ಹೊರತಂದವು. 2013ರಿಂದ ಇದರ ಹೊಣೆ ಯುಇಎಫ್‌ಐ ಫೋರಮ್‌ಗೆ ಸೇರಿದೆ.

ಎಸಿಪಿಐ ನಿರ್ಧಾರದ ಅಧಿಕಾರವನ್ನು ಕಾರ್ಯಾಚರಣಾ ವ್ಯವಸ್ಥೆಗೆ ಒಪ್ಪಿಸಿತಾದರೂ ಯಂತ್ರದ ವಿವರಗಳನ್ನು ಫರ್ಮ್‌ವೇರ್‌ನಲ್ಲಿಯೇ ಉಳಿಸಿತು. ಪ್ರತಿ ಯಂತ್ರದ ಫರ್ಮ್‌ವೇರ್‌ನಲ್ಲಿ ಸಾಧನಗಳನ್ನು ವರ್ಣಿಸುವ ಕೋಷ್ಟಕಗಳಿರುತ್ತವೆ. ಅವುಗಳೊಳಗೆ ಎಎಂಎಲ್ ಎಂಬ ಸಂಕೇತಭಾಷೆಯಲ್ಲಿ ಬರೆದ ಸಣ್ಣ ಕಾರ್ಯಕ್ರಮಗಳೂ ಇರುತ್ತವೆ. ‘ಈ ಸಾಧನವನ್ನು ಆರಿಸು’, ‘ನಿದ್ರೆಗೆ ಸಿದ್ಧವಾಗು’ ಎಂಬಂಥ ಕೆಲಸಗಳನ್ನು ಕರ್ನಲ್ ತನ್ನೊಳಗಿನ ವ್ಯಾಖ್ಯಾನಕಾರಿಯ ಮೂಲಕ ಈ ಕಾರ್ಯಕ್ರಮಗಳನ್ನು ನಡೆಸಿ ಮಾಡಿಸುತ್ತದೆ. ಹೀಗಾಗಿ ತಯಾರಕರು ಬರೆದ ಸಂಕೇತದಲ್ಲಿನ ತಪ್ಪು ಬಳಕೆದಾರರಿಗೆ ಲಿನಕ್ಸ್‌ನ ತಪ್ಪಾಗಿ ಕಾಣುತ್ತದೆ.

ಈ ಸಂಬಂಧದ ವಿಚಿತ್ರವನ್ನು ತೋರಿಸುವ ಒಂದು ಸಂಗತಿಯಿದೆ. ಯಾವ ಕಾರ್ಯಾಚರಣಾ ವ್ಯವಸ್ಥೆ ತನ್ನನ್ನು ನಡೆಸುತ್ತಿದೆ ಎಂದು ಎಎಂಎಲ್ ಸಂಕೇತವು ‘ಓಎಸ್‌ಐ’ ಎಂಬ ವಿಧಾನದ ಮೂಲಕ ಕೇಳಬಹುದು. ‘ಲಿನಕ್ಸ್ ಹೌದೇ’ ಎಂದು ಕೇಳಿದರೆ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ‘ಅಲ್ಲ’ ಎನ್ನುತ್ತದೆ. ವಿಂಡೋಸ್‌ನ ಹಲವು ಆವೃತ್ತಿಗಳ ಹೆಸರು ಹೇಳಿದರೆ ‘ಹೌದು’ ಎನ್ನುತ್ತದೆ. ತಯಾರಕರು ತಮ್ಮ ಯಂತ್ರಗಳನ್ನು ಹೆಚ್ಚಾಗಿ ವಿಂಡೋಸ್‌ನೊಂದಿಗೆ ಮಾತ್ರ ಪರೀಕ್ಷಿಸುವುದರಿಂದ, ಲಿನಕ್ಸ್‌ಗೆಂದು ಬರೆದ ದಾರಿಗಿಂತ ವಿಂಡೋಸ್‌ಗೆಂದು ಬರೆದ ದಾರಿಯೇ ಸುರಕ್ಷಿತ ಎಂಬ ಅನುಭವ ಇದರ ಹಿಂದಿದೆ.

ಕರ್ನಲ್‌ನೊಳಗಿನ ಬೆಳವಣಿಗೆ ಹಂತ ಹಂತವಾಗಿ ನಡೆಯಿತು. ಹೈಬರ್ನೇಷನ್ ಸೌಲಭ್ಯ 2002ರಲ್ಲಿ 2.5 ಸರಣಿಯಲ್ಲಿ ಸೇರಿತು. ಕೆಲಸವಿಲ್ಲದಾಗಲೂ ಪ್ರೊಸೆಸರನ್ನು ಸೆಕೆಂಡಿಗೆ ನೂರಾರು ಬಾರಿ ಎಬ್ಬಿಸುತ್ತಿದ್ದ ಗಡಿಯಾರದ ಮಿಡಿತವನ್ನು ನಿಲ್ಲಿಸುವ ವ್ಯವಸ್ಥೆ 2007ರ 2.6.21 ಆವೃತ್ತಿಯಲ್ಲಿ ಬಂದಿತು. ಅದೇ ವರ್ಷ ಇಂಟೆಲ್ ಬಿಡುಗಡೆ ಮಾಡಿದ ಪವರ್‌ಟಾಪ್ ಎಂಬ ಉಪಕರಣವು ಯಾವ ತಂತ್ರಾಂಶ ಪ್ರೊಸೆಸರನ್ನು ಎಷ್ಟು ಬಾರಿ ಎಬ್ಬಿಸುತ್ತಿದೆ ಎಂಬುದನ್ನು ಹೆಸರು ಸಹಿತ ತೋರಿಸಿತು. ಅನವಶ್ಯಕವಾಗಿ ಎಬ್ಬಿಸುತ್ತಿದ್ದ ಅನೇಕ ತಂತ್ರಾಂಶಗಳು ಇದರಿಂದಾಗಿ ತಿದ್ದುಪಡಿಗೊಂಡವು. ಯಂತ್ರ ನಡೆಯುತ್ತಿರುವಾಗಲೇ ಒಂದೊಂದು ಸಾಧನವನ್ನು ಪ್ರತ್ಯೇಕವಾಗಿ ಮಲಗಿಸುವ ರನ್‌ಟೈಮ್ ವಿದ್ಯುತ್ ನಿರ್ವಹಣೆ 2009ರ 2.6.32ರಲ್ಲಿ ಸೇರ್ಪಡೆಯಾಯಿತು. ಇದನ್ನು ರೂಪಿಸಿದ ರಫಾಯೆಲ್ ವೈಸೋಕಿ ಕರ್ನಲ್‌ನ ವಿದ್ಯುತ್ ನಿರ್ವಹಣೆ ಮತ್ತು ಎಸಿಪಿಐ ಭಾಗಗಳ ದೀರ್ಘಕಾಲದ ನಿರ್ವಾಹಕರು. ಆಂಡ್ರಾಯ್ಡ್‌ನ ‘ವೇಕ್‌ಲಾಕ್’ ವಿಧಾನವನ್ನು ಮುಖ್ಯ ಕರ್ನಲ್‌ಗೆ ಸೇರಿಸಬೇಕೇ ಎಂಬ ಬಗ್ಗೆ ದೀರ್ಘ ವಿವಾದ ನಡೆದು, ಅದಕ್ಕೆ ಸಮಾನವಾದ ಸೌಲಭ್ಯ 2012ರ 3.5 ಆವೃತ್ತಿಯಲ್ಲಿ ಬೇರೆ ರೂಪದಲ್ಲಿ ಬಂದಿತು.

ಪ್ರೊಸೆಸರ್‌ನ ವಿದ್ಯುತ್ ನಿರ್ವಹಣೆ

ಪ್ರೊಸೆಸರ್ ಸ್ವಿಚ್ಚಿಂಗ್‌ಗಾಗಿ ಬಳಸುವ ವಿದ್ಯುತ್ ಅದರ ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವರ್ತನ ತಗ್ಗಿದಾಗ ಕಡಿಮೆ ವೋಲ್ಟೇಜಿನಲ್ಲಿಯೂ ಕೆಲಸ ನಡೆಯುವುದರಿಂದ ಉಳಿತಾಯ ಆವರ್ತನದ ಇಳಿಕೆಗಿಂತ ಹೆಚ್ಚಾಗಿರುತ್ತದೆ. ಈ ಹೊಂದಾಣಿಕೆಯನ್ನು ‘ಸಿಪಿಯು ಫ್ರೀಕ್’ ಉಪವ್ಯವಸ್ಥೆ ನೋಡಿಕೊಳ್ಳುತ್ತದೆ. ಯಾವ ಆವರ್ತನ ಬೇಕೆಂದು ನಿರ್ಧರಿಸುವ ಭಾಗಕ್ಕೆ ಗವರ್ನರ್ ಎಂದು ಹೆಸರು. ‘ಪರ್ಫಾರ್ಮೆನ್ಸ್’ ಗವರ್ನರ್ ಗರಿಷ್ಠ ಆವರ್ತನವನ್ನೂ ‘ಪವರ್‌ಸೇವ್’ ಕನಿಷ್ಠ ಆವರ್ತನವನ್ನೂ ಹಿಡಿದಿಡುತ್ತವೆ. 2016ರ 4.7 ಆವೃತ್ತಿಯಲ್ಲಿ ಬಂದ ‘ಶೆಡ್‌ಯುಟಿಲ್’ ಕೆಲಸಗಳನ್ನು ಹಂಚುವ ಶೆಡ್ಯೂಲರ್‌ನಿಂದ ನೇರವಾಗಿ ಹೊರೆಯ ಅಂದಾಜು ಪಡೆದು ನಿರ್ಧರಿಸುತ್ತದೆ.

ಇಲ್ಲಿ ಹೊಸಬರನ್ನು ಆಗಾಗ ದಾರಿ ತಪ್ಪಿಸುವ ಒಂದು ಹೆಸರಿದೆ. ಇಂಟೆಲ್ ಪ್ರೊಸೆಸರ್‌ಗಳ ‘ಇಂಟೆಲ್ ಪಿ-ಸ್ಟೇಟ್’ ಡ್ರೈವರ್ ಸಕ್ರಿಯ ಕ್ರಮದಲ್ಲಿ ನಡೆಯುವಾಗ ಗವರ್ನರ್‌ನ ಹೆಸರು ‘ಪವರ್‌ಸೇವ್’ ಎಂದು ಕಾಣುತ್ತದೆ. ಇದು ಕನಿಷ್ಠ ಆವರ್ತನಕ್ಕೆ ಕಟ್ಟಿಹಾಕುವ ಹಳೆಯ ಗವರ್ನರ್ ಅಲ್ಲ. ಹೊರೆಗೆ ತಕ್ಕಂತೆ ಆವರ್ತನವನ್ನು ಏರಿಸಿ ಇಳಿಸುವ ಬೇರೆಯೇ ವಿಧಾನ. ಹೆಸರನ್ನು ನೋಡಿ ಯಂತ್ರ ನಿಧಾನವಾಗಿದೆ ಎಂದು ಭಾವಿಸಿ ಅದನ್ನು ಬದಲಿಸುವುದರಿಂದ ಹೆಚ್ಚಿನ ಸಂದರ್ಭಗಳಲ್ಲಿ ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ.

ಮಾಡಲು ಏನೂ ಇಲ್ಲದಾಗ ಪ್ರೊಸೆಸರನ್ನು ಯಾವ ಆಳಕ್ಕೆ ಮಲಗಿಸಬೇಕು ಎಂಬುದನ್ನು ‘ಸಿಪಿಯು ಐಡಲ್’ ಉಪವ್ಯವಸ್ಥೆ ನಿರ್ಧರಿಸುತ್ತದೆ. ಈ ಹಂತಗಳಿಗೆ ಸಿ-ಸ್ಥಿತಿಗಳೆಂದು ಹೆಸರು. ಸಿ0 ಎಂದರೆ ಕೆಲಸದಲ್ಲಿರುವುದು, ಸಂಖ್ಯೆ ಹೆಚ್ಚಿದಂತೆ ನಿದ್ರೆ ಆಳವಾಗುತ್ತದೆ. ಆಳಕ್ಕೆ ಇಳಿಯಲು ಮತ್ತು ಮೇಲೇಳಲು ಸಮಯವೂ ಶಕ್ತಿಯೂ ಬೇಕು. ಇನ್ನೆಷ್ಟು ಹೊತ್ತು ಬಿಡುವಿದೆ ಎಂದು ಗವರ್ನರ್ ಮುಂಚಿತವಾಗಿ ಅಂದಾಜಿಸಬೇಕಾಗುತ್ತದೆ. ಅಂದಾಜು ತಪ್ಪಿದರೆ ಉಳಿತಾಯಕ್ಕಿಂತ ವೆಚ್ಚವೇ ಹೆಚ್ಚು. ಧ್ವನಿ ಮುದ್ರಣದಂತಹ ವಿಳಂಬವನ್ನು ಸಹಿಸದ ಕೆಲಸಗಳಿಗಾಗಿ ‘ಇಷ್ಟಕ್ಕಿಂತ ಹೆಚ್ಚು ತಡವಾಗಬಾರದು’ ಎಂದು ಕರ್ನಲ್‌ಗೆ ಬೇಡಿಕೆ ಸಲ್ಲಿಸುವ ವ್ಯವಸ್ಥೆಯೂ ಇದೆ.

ಆಳವಾದ ಸಿ-ಸ್ಥಿತಿ ತೊಂದರೆಗೆ ಕಾರಣವಾದ ಪ್ರಸಿದ್ಧ ಉದಾಹರಣೆ ಇಂಟೆಲ್‌ನ ಬೇ ಟ್ರೇಲ್ ಪೀಳಿಗೆಯ ಪ್ರೊಸೆಸರ್‌ಗಳದ್ದು. ಇವುಗಳನ್ನು ಹೊಂದಿದ ಅಗ್ಗದ ಲ್ಯಾಪ್‌ಟಾಪ್‌ಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾಗುತ್ತಿದ್ದವು. ‘ಇಂಟೆಲ್ ಐಡಲ್’ ಡ್ರೈವರ್‌ನ ಗರಿಷ್ಠ ಸಿ-ಸ್ಥಿತಿಯನ್ನು 1ಕ್ಕೆ ಸೀಮಿತಗೊಳಿಸುವ ಬೂಟ್ ಆಯ್ಕೆಯೇ ದೀರ್ಘಕಾಲ ಬಳಕೆದಾರರ ಪರಿಹಾರವಾಗಿತ್ತು. ಯಂತ್ರ ಸ್ಥಿರವಾಗುತ್ತಿತ್ತು, ಆದರೆ ಬ್ಯಾಟರಿಯ ಬಾಳಿಕೆ ಕುಗ್ಗುತ್ತಿತ್ತು.

ಸಾಧನಗಳ ವಿದ್ಯುತ್ ನಿರ್ವಹಣೆ

ರನ್‌ಟೈಮ್ ನಿರ್ವಹಣೆಯಲ್ಲಿ ಪ್ರತಿ ಸಾಧನಕ್ಕೂ ಬಳಕೆಯ ಎಣಿಕೆಯೊಂದಿರುತ್ತದೆ. ಡ್ರೈವರ್ ಸಾಧನವನ್ನು ಬಳಸುವ ಮುನ್ನ ಎಣಿಕೆಯನ್ನು ಏರಿಸಿ, ಬಳಸಿದ ನಂತರ ಇಳಿಸುತ್ತದೆ. ಎಣಿಕೆ ಸೊನ್ನೆಯಾಗಿ ನಿಗದಿತ ಸಮಯ ಕಳೆದರೆ ಸಾಧನ ಮಲಗುತ್ತದೆ. ಏರಿಸಿದ ಎಣಿಕೆಯನ್ನು ಇಳಿಸಲು ಡ್ರೈವರ್ ಮರೆತರೆ ಸಾಧನ ಎಂದಿಗೂ ಮಲಗದು; ಅದಕ್ಕೆ ಮೇಲಿನ ಸೇತುವೆ ಸಾಧನಗಳೂ ಮಲಗಲಾರವು.

ಸಿಸ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಪ್ರತಿ ಸಾಧನದ ‘ಪವರ್’ ಕೋಶದೊಳಗೆ ‘ಕಂಟ್ರೋಲ್’ ಎಂಬ ಕಡತವಿದೆ. ಅದರಲ್ಲಿ ‘ಆಟೋ’ ಎಂದಿದ್ದರೆ ರನ್‌ಟೈಮ್ ನಿದ್ರೆಗೆ ಅನುಮತಿ ಇದೆ, ‘ಆನ್’ ಎಂದಿದ್ದರೆ ಸಾಧನ ಸದಾ ಎಚ್ಚರವಾಗಿರುತ್ತದೆ. ಯುಎಸ್‌ಬಿ ಸಾಧನಗಳಲ್ಲಿ ಬಿಡುವಿನ ಅವಧಿ ಸಾಮಾನ್ಯವಾಗಿ 2 ಸೆಕೆಂಡು. ಮಲಗಿದ ಮೇಲೆ ಸರಿಯಾಗಿ ಏಳದ ಯುಎಸ್‌ಬಿ ಸಾಧನಗಳು ಮಾರುಕಟ್ಟೆಯಲ್ಲಿ ಬಹಳವಿರುವುದರಿಂದ ಕರ್ನಲ್ ಹಬ್‌ಗಳನ್ನು ತಾನಾಗಿಯೇ ‘ಆಟೋ’ ಮಾಡಿದರೂ ಉಳಿದ ಬಹುತೇಕ ಸಾಧನಗಳನ್ನು ‘ಆನ್’ ಸ್ಥಿತಿಯಲ್ಲಿಯೇ ಬಿಡುತ್ತದೆ. ಪವರ್‌ಟಾಪ್‌ನ ‘ಆಟೋ ಟ್ಯೂನ್’ ಸೌಲಭ್ಯ ಎಲ್ಲವನ್ನೂ ಒಮ್ಮೆಲೇ ‘ಆಟೋ’ ಮಾಡುತ್ತದೆ. ಅದನ್ನು ನಡೆಸಿದ ಮೇಲೆ ಮೌಸ್ ಅಥವಾ ಕೀಲಿಮಣೆ ಕೆಲವು ಸೆಕೆಂಡಿಗೊಮ್ಮೆ ಸ್ಪಂದಿಸದಂತಾದರೆ ಕಾರಣ ಇದೇ ಆಗಿರುವ ಸಾಧ್ಯತೆ ಹೆಚ್ಚು. ಆ ಒಂದು ಸಾಧನವನ್ನು ಮರಳಿ ‘ಆನ್’ ಮಾಡಿದರೆ ಸಾಕು.

ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಗಳನ್ನು ಬಿಡುವಿನಲ್ಲಿ ಮಂದಗೊಳಿಸುವ ಎಎಸ್‌ಪಿಎಂ ಎಂಬ ವಿಧಾನದ ಕಥೆ ಫರ್ಮ್‌ವೇರ್‌ನ ಮಾತನ್ನು ಅರ್ಥೈಸುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ನಿದರ್ಶನವಾಗಿದೆ. 2011ರಲ್ಲಿ ಬಂದ 2.6.38 ಆವೃತ್ತಿಯಲ್ಲಿ ಅನೇಕ ಲ್ಯಾಪ್‌ಟಾಪ್‌ಗಳ ವಿದ್ಯುತ್ ಬಳಕೆ ಎದ್ದು ಕಾಣುವಷ್ಟು ಹೆಚ್ಚಿತು. ಎಎಸ್‌ಪಿಎಂ ಬೆಂಬಲವಿಲ್ಲ ಎಂದು ಫರ್ಮ್‌ವೇರ್ ಕೋಷ್ಟಕ ಹೇಳಿದಾಗ ಕರ್ನಲ್ ಅದನ್ನು ಎಲ್ಲ ಸಾಧನಗಳಲ್ಲಿಯೂ ಆರಿಸುತ್ತಿತ್ತು. ಆದರೆ ಆ ಸೂಚನೆಯ ಅರ್ಥ ‘ಆರಿಸು’ ಎಂದಲ್ಲ, ‘ಫರ್ಮ್‌ವೇರ್ ಹೊಂದಿಸಿದ್ದನ್ನು ಮುಟ್ಟಬೇಡ’ ಎಂದು ವಿಂಡೋಸ್‌ನ ನಡವಳಿಕೆಯನ್ನು ಗಮನಿಸಿದ ಮ್ಯಾಥ್ಯೂ ಗ್ಯಾರೆಟ್ ತೋರಿಸಿದರು. ಅವರ ತಿದ್ದುಪಡಿ 3.3 ಆವೃತ್ತಿಗೆ ಸೇರಿತು. ಇಂದಿಗೂ ಎಎಸ್‌ಪಿಎಂ ‘ಆಫ್’ ಎಂಬ ಬೂಟ್ ಆಯ್ಕೆ ಅದನ್ನು ಆರಿಸುವುದಿಲ್ಲ, ಫರ್ಮ್‌ವೇರ್ ಇಟ್ಟಂತೆಯೇ ಬಿಡುತ್ತದೆ. ಆಯ್ಕೆಯ ಹೆಸರು ಹೀಗಿರಬಾರದಿತ್ತು ಎಂದು ಹೇಳಬಹುದು.

ಎನ್‌ವಿಎಂಇ ಎಸ್‌ಎಸ್‌ಡಿಗಳು ತಾವಾಗಿಯೇ ಕಡಿಮೆ ವಿದ್ಯುತ್ ಸ್ಥಿತಿಗೆ ಇಳಿಯುವ ಸೌಲಭ್ಯವನ್ನು ಕರ್ನಲ್ 2017ರ 4.11 ಆವೃತ್ತಿಯಿಂದ ಬಳಸುತ್ತಿದೆ. ಕೆಲವು ಮಾದರಿಗಳು ಅತ್ಯಂತ ಆಳವಾದ ಸ್ಥಿತಿಯಿಂದ ಹಿಂದಿರುಗದೆ ವ್ಯವಸ್ಥೆಯಿಂದಲೇ ಮಾಯವಾಗುತ್ತವೆ. ಆಗ ಕಡತ ವ್ಯವಸ್ಥೆ ಓದಲು ಮಾತ್ರ ಸಾಧ್ಯವಾಗುವ ಸ್ಥಿತಿಗೆ ಹೋಗುತ್ತದೆ. ‘ಎನ್‌ವಿಎಂಇ ಕೋರ್’ ಮಾಡ್ಯೂಲ್‌ನ ಗರಿಷ್ಠ ವಿಳಂಬದ ಮಿತಿಯನ್ನು 0 ಮಾಡಿ ಈ ಸೌಲಭ್ಯವನ್ನು ನಿಲ್ಲಿಸಿ ನೋಡುವುದು ಇಲ್ಲಿನ ಮೊದಲ ಪರೀಕ್ಷೆ.

ನಿದ್ರಾವಸ್ಥೆಗಳು

ಇಡೀ ಯಂತ್ರವನ್ನು ಮಲಗಿಸಲು ಕರ್ನಲ್‌ನಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. 2013ರ 3.9 ಆವೃತ್ತಿಯಲ್ಲಿ ಬಂದ ‘ಎಸ್2ಐಡಲ್’ನಲ್ಲಿ ಪ್ರಕ್ರಿಯೆಗಳನ್ನು ಸ್ತಬ್ಧಗೊಳಿಸಿ, ಸಾಧನಗಳನ್ನು ಮಲಗಿಸಿ, ಪ್ರೊಸೆಸರ್‌ಗಳನ್ನು ಅತ್ಯಾಳದ ಸಿ-ಸ್ಥಿತಿಯಲ್ಲಿ ಬಿಡಲಾಗುತ್ತದೆ. ಎಸಿಪಿಐನ ಎಸ್3 ಸ್ಥಿತಿಯನ್ನು ಬಳಸುವ ‘ಡೀಪ್’ ವಿಧಾನದಲ್ಲಿ ಮೆಮೊರಿಯನ್ನುಳಿದು ಬಹುತೇಕ ಎಲ್ಲಕ್ಕೂ ವಿದ್ಯುತ್ ನಿಲ್ಲುತ್ತದೆ ಮತ್ತು ಕೊನೆಯ ಹೆಜ್ಜೆ ಫರ್ಮ್‌ವೇರ್‌ನದ್ದಾಗಿರುತ್ತದೆ. ಹೈಬರ್ನೇಷನ್‌ನಲ್ಲಿ ಮೆಮೊರಿಯ ಪ್ರತಿರೂಪವನ್ನು ಡಿಸ್ಕ್‌ನ ಸ್ವಾಪ್ ಜಾಗದಲ್ಲಿ ಬರೆದು ಯಂತ್ರವನ್ನು ಪೂರ್ತಿ ಆರಿಸಲಾಗುತ್ತದೆ.

ಸಿಸ್‌ಎಫ್‌ಎಸ್‌ನ ‘ಪವರ್’ ಕೋಶದಲ್ಲಿರುವ ‘ಸ್ಟೇಟ್’ ಕಡತವನ್ನು ಓದಿದರೆ ಯಂತ್ರ ಬೆಂಬಲಿಸುವ ಸ್ಥಿತಿಗಳು ತಿಳಿಯುತ್ತವೆ. ಅದರಲ್ಲಿ ‘ಮೆಮ್’ ಎಂದು ಬರೆದರೆ ಯಾವ ರೀತಿಯ ನಿದ್ರೆ ಎಂಬುದನ್ನು ಪಕ್ಕದ ‘ಮೆಮ್ ಸ್ಲೀಪ್’ ಕಡತ ನಿರ್ಧರಿಸುತ್ತದೆ. ಅಲ್ಲಿ ಚೌಕ ಆವರಣದೊಳಗೆ ಕಾಣುವುದೇ ಸದ್ಯದ ಆಯ್ಕೆ. ಮೈಕ್ರೋಸಾಫ್ಟ್‌ನ ಮಾಡರ್ನ್ ಸ್ಟ್ಯಾಂಡ್‌ಬೈ ಪದ್ಧತಿ ಹರಡಿದ ಮೇಲೆ ಅನೇಕ ಹೊಸ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಎಸ್3 ಸ್ಥಿತಿಯನ್ನೇ ಕೊಡುವುದಿಲ್ಲ. ಆಗ ‘ಡೀಪ್’ ಎಂಬ ಹೆಸರು ಈ ಕಡತದಲ್ಲಿ ಇರುವುದಿಲ್ಲ. ಹಳೆಯ ಮಾರ್ಗದರ್ಶಿಗಳನ್ನು ನೋಡಿ ಅದನ್ನು ಬಲವಂತವಾಗಿ ಬರೆಯಲು ಹೋದರೆ ದೋಷ ಸಂದೇಶ ಬರುತ್ತದೆ, ಅಷ್ಟೆ. ಕೆಲವು ಯಂತ್ರಗಳ ಫರ್ಮ್‌ವೇರ್ ಆಯ್ಕೆಪಟ್ಟಿಯಲ್ಲಿ ಮಾತ್ರ ಇದನ್ನು ಬದಲಿಸುವ ಅವಕಾಶವಿರುತ್ತದೆ.

ನಿದ್ರೆಗೆ ಹೋಗುವ ಕ್ರಮ ಹೀಗಿದೆ: ಕರ್ನಲ್ ಮೊದಲು ಕಡತ ವ್ಯವಸ್ಥೆಯ ಬಾಕಿ ಬರವಣಿಗೆಯನ್ನು ಮುಗಿಸುತ್ತದೆ. ನಂತರ ಎಲ್ಲ ಬಳಕೆದಾರ ಪ್ರಕ್ರಿಯೆಗಳನ್ನು ಸ್ತಬ್ಧಗೊಳಿಸುತ್ತದೆ. ಆಮೇಲೆ ಸಾಧನಗಳನ್ನು ಹಲವು ಸುತ್ತುಗಳಲ್ಲಿ ಮಲಗಿಸಲಾಗುತ್ತದೆ. ಮರದ ತುದಿಯ ಸಾಧನಗಳು ಮೊದಲು, ಅವು ನೇತಾಡುವ ಸೇತುವೆಗಳು ನಂತರ. ಏಳುವಾಗ ಇದರ ತಿರುವುಮುರುವು. ‘ಡೀಪ್’ ವಿಧಾನದಲ್ಲಿ ಕೊನೆಗೆ ಒಂದನ್ನುಳಿದು ಉಳಿದ ಪ್ರೊಸೆಸರ್‌ಗಳನ್ನು ನಿಲ್ಲಿಸಿ ನಿಯಂತ್ರಣವನ್ನು ಫರ್ಮ್‌ವೇರ್‌ಗೆ ಒಪ್ಪಿಸಲಾಗುತ್ತದೆ. ದೋಷ ಪತ್ತೆಯ ವಿಧಾನವೆಲ್ಲ ಈ ಕ್ರಮವನ್ನೇ ಆಧರಿಸಿದೆ.

ಸಂರಚನೆ

ಕರ್ನಲ್ಲನ್ನು ತಾವೇ ಕಟ್ಟಿಕೊಳ್ಳುವವರು ಸಸ್ಪೆಂಡ್, ಹೈಬರ್ನೇಷನ್, ಎಸಿಪಿಐ, ಸಿಪಿಯು ಫ್ರೀಕ್, ಸಿಪಿಯು ಐಡಲ್ ಮತ್ತು ಎಎಸ್‌ಪಿಎಂ ಆಯ್ಕೆಗಳನ್ನು ಸೇರಿಸಿಕೊಳ್ಳಬೇಕು. ವಿದ್ಯುತ್ ನಿರ್ವಹಣೆಯ ದೋಷ ಪತ್ತೆಗೆಂದೇ ಇರುವ ‘ಪಿಎಂ ಡೀಬಗ್’ ಆಯ್ಕೆಯನ್ನೂ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು. ಉಬುಂಟು, ಫೆಡೋರಾ, ಡೆಬಿಯನ್‌ನಂತಹ ವಿತರಣೆಗಳ ಸಿದ್ಧ ಕರ್ನಲ್‌ಗಳಲ್ಲಿ ಮುಖ್ಯ ಆಯ್ಕೆಗಳು ಇದ್ದೇ ಇರುತ್ತವೆ.

ಸಿಸ್‌ಎಫ್‌ಎಸ್ ಕಡತಗಳಲ್ಲಿ ಮಾಡಿದ ಬದಲಾವಣೆ ಯಂತ್ರ ಮರುಪ್ರಾರಂಭವಾಗುವವರೆಗೆ ಮಾತ್ರ ಇರುತ್ತದೆ. ಪ್ರಯೋಗಕ್ಕೆ ಇದು ಅನುಕೂಲವೇ. ತಪ್ಪಾದರೆ ಮರುಪ್ರಾರಂಭಿಸಿದರೆ ಸಾಕು. ಸರಿಯೆಂದು ಖಚಿತವಾದದ್ದನ್ನು ಯುಡೆವ್ ನಿಯಮವಾಗಿಯೋ ಬೂಟ್ ಆಯ್ಕೆಯಾಗಿಯೋ ಶಾಶ್ವತಗೊಳಿಸಬಹುದು. ಲ್ಯಾಪ್‌ಟಾಪ್ ಮುಚ್ಚಿದಾಗ ಏನಾಗಬೇಕು ಎಂಬುದನ್ನು ಸಾಮಾನ್ಯವಾಗಿ ಸಿಸ್ಟಮ್‌ಡಿಯ ಲಾಗಿನ್‌ಡಿ ಸೇವೆ ನೋಡಿಕೊಳ್ಳುತ್ತದೆ. ಟಿಎಲ್‌ಪಿ ಮತ್ತು ಪವರ್ ಪ್ರೊಫೈಲ್ಸ್ ಡೀಮನ್ ಸಾಧನಗಳ ಹಾಗೂ ಪ್ರೊಸೆಸರ್‌ನ ಹೊಂದಾಣಿಕೆಯನ್ನು ಸ್ವಯಂಚಾಲಿತಗೊಳಿಸುತ್ತವೆ. ಇವೆರಡನ್ನೂ ಒಟ್ಟಿಗೆ ನಡೆಸಿದರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸುವುದರಿಂದ ಯಾವುದಾದರೂ ಒಂದನ್ನು ಮಾತ್ರ ಇರಿಸಿಕೊಳ್ಳಬೇಕು.

ದೋಷ ಪತ್ತೆ

ಯಂತ್ರ ನಿದ್ರೆಗೆ ಹೋಗಲು ನಿರಾಕರಿಸಿದರೆ ಅದು ಸುಲಭದ ದೋಷ. ಯಂತ್ರ ಇನ್ನೂ ಎಚ್ಚರವಾಗಿರುವುದರಿಂದ ಕಾರಣ ಕರ್ನಲ್ ದಾಖಲೆಯಲ್ಲಿ ಬರೆದಿರುತ್ತದೆ. ಪ್ರಕ್ರಿಯೆಗಳನ್ನು ಸ್ತಬ್ಧಗೊಳಿಸಲು ಕರ್ನಲ್ 20 ಸೆಕೆಂಡು ಕಾಯುತ್ತದೆ, ಆಗದಿದ್ದರೆ ಪ್ರಯತ್ನವನ್ನು ಕೈಬಿಟ್ಟು ಯಾವ ಪ್ರಕ್ರಿಯೆ ಒಪ್ಪಲಿಲ್ಲ ಎಂದು ದಾಖಲಿಸುತ್ತದೆ. ಸಂಪರ್ಕ ಕಡಿದುಹೋದ ಜಾಲ ಕಡತ ವ್ಯವಸ್ಥೆಗಾಗಿ ಕಾಯುತ್ತಾ ಸಿಕ್ಕಿಕೊಂಡ ಪ್ರಕ್ರಿಯೆ ಇಲ್ಲಿನ ಸಾಮಾನ್ಯ ಅಪರಾಧಿ. ಸಾಧನವೊಂದು ನಿರಾಕರಿಸಿದ್ದರೆ ಅದರ ಹೆಸರು ‘ಸಸ್ಪೆಂಡ್ ಸ್ಟ್ಯಾಟ್ಸ್’ ಕೋಶದಲ್ಲಿಯೂ ಸಿಗುತ್ತದೆ.

ಮಲಗಿದ ಯಂತ್ರ ಏಳದಿರುವುದು ಕಠಿಣ ಸಮಸ್ಯೆ. ಇದಕ್ಕೆ ಕರ್ನಲ್ ಒದಗಿಸುವ ಅತ್ಯುಪಯುಕ್ತ ಸಾಧನ ‘ಪವರ್’ ಕೋಶದ ‘ಪಿಎಂ ಟೆಸ್ಟ್’ ಕಡತ. ಇದರಲ್ಲಿ ‘ಫ್ರೀಝರ್’, ‘ಡಿವೈಸಸ್’, ‘ಪ್ಲಾಟ್‌ಫಾರ್ಮ್’, ‘ಪ್ರೊಸೆಸರ್ಸ್’, ‘ಕೋರ್’ ಎಂಬ ಐದು ಹಂತಗಳಿವೆ. ಒಂದನ್ನು ಬರೆದು ಯಂತ್ರವನ್ನು ಮಲಗಿಸಲು ಹೇಳಿದರೆ ಕರ್ನಲ್ ಆ ಹಂತದವರೆಗೆ ಮಾತ್ರ ಹೋಗಿ, 5 ಸೆಕೆಂಡು ಕಾದು, ಹಿಂದಿರುಗುತ್ತದೆ. ನಿಜವಾದ ನಿದ್ರೆ ಆಗುವುದೇ ಇಲ್ಲ. ಮೊದಲ ಹಂತದಿಂದ ಆರಂಭಿಸಿ ಒಂದೊಂದೇ ಮುಂದೆ ಹೋದರೆ ಯಂತ್ರ ಯಾವ ಹಂತದಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಗೊತ್ತಾಗುತ್ತದೆ. ‘ಡಿವೈಸಸ್’ ಹಂತದಲ್ಲಿ ಸೋತರೆ ದೋಷ ಯಾವುದೋ ಡ್ರೈವರ್‌ನದ್ದು: ಲೋಡ್ ಆಗಿರುವ ಡ್ರೈವರ್‌ಗಳಲ್ಲಿ ಅರ್ಧದಷ್ಟನ್ನು ತೆಗೆದು ಮತ್ತೆ ಪರೀಕ್ಷಿಸಬೇಕು, ಸಮಸ್ಯೆ ಹೋದರೆ ತಪ್ಪಿತಸ್ಥ ತೆಗೆದ ಅರ್ಧದಲ್ಲಿದೆ, ಇದ್ದರೆ ಉಳಿದ ಅರ್ಧದಲ್ಲಿದೆ. 64 ಡ್ರೈವರ್‌ಗಳಿದ್ದರೂ ಹೀಗೆ ಆರು ಸುತ್ತುಗಳಲ್ಲಿ ಒಂದಕ್ಕೆ ಬರಬಹುದು. ಐದೂ ಹಂತಗಳು ಗೆದ್ದು ನಿಜವಾದ ನಿದ್ರೆ ಮಾತ್ರ ಸೋತರೆ ಸಂಶಯ ಫರ್ಮ್‌ವೇರ್‌ನ ಕಡೆಗೆ ತಿರುಗುತ್ತದೆ. ಎಸ್2ಐಡಲ್‌ಗೆ ಇವುಗಳಲ್ಲಿ ಮೊದಲ ಮೂರು ಹಂತಗಳಷ್ಟೇ ಅನ್ವಯಿಸುತ್ತವೆ.

ಪರೀಕ್ಷೆಯನ್ನು ಪದೇ ಪದೇ ನಡೆಸಬೇಕಾದಾಗ ‘ಆರ್‌ಟಿಸಿ ವೇಕ್’ ಉಪಕರಣ ನೆರವಾಗುತ್ತದೆ. ಇದು ಯಂತ್ರವನ್ನು ಮಲಗಿಸಿ, ಹೇಳಿದಷ್ಟು ಸೆಕೆಂಡುಗಳ ನಂತರ ಗಡಿಯಾರದ ಮೂಲಕ ಎಬ್ಬಿಸುತ್ತದೆ. ಹತ್ತರಲ್ಲಿ ಒಮ್ಮೆ ಮಾತ್ರ ಕಾಣುವ ದೋಷವನ್ನು ಹಿಡಿಯಲು ಬೇರೆ ಸುಲಭದ ದಾರಿಯಿಲ್ಲ. ಕೊನೆಯ ಸಂದೇಶಗಳು ಪರದೆಯ ಮೇಲೆ ಉಳಿಯುವಂತೆ ಮಾಡಲು ‘ನೋ ಕನ್ಸೋಲ್ ಸಸ್ಪೆಂಡ್’ ಬೂಟ್ ಆಯ್ಕೆಯನ್ನೂ, ಪ್ರತಿ ಡ್ರೈವರ್ ತೆಗೆದುಕೊಂಡ ಸಮಯವನ್ನು ದಾಖಲಿಸಲು ‘ಇನಿಟ್‌ಕಾಲ್ ಡೀಬಗ್’ ಆಯ್ಕೆಯನ್ನೂ ಬಳಸಲಾಗುತ್ತದೆ.

ಏನೂ ಸಂದೇಶ ಉಳಿಯದಿದ್ದಾಗ ಬಳಸುವ ‘ಪಿಎಂ ಟ್ರೇಸ್’ ಎಂಬ ಯುಕ್ತಿ ಜಾಣತನದ್ದು. ಯಂತ್ರ ಸತ್ತರೂ ಬದುಕಿರುವ ಒಂದು ಭಾಗವೆಂದರೆ ಸಣ್ಣ ಬ್ಯಾಟರಿಯಿಂದ ನಡೆಯುವ ಗಡಿಯಾರ. ಕರ್ನಲ್ ಪ್ರತಿ ಹೆಜ್ಜೆಯಲ್ಲೂ ತಾನು ನಿರ್ವಹಿಸುತ್ತಿರುವ ಸಾಧನದ ಗುರುತನ್ನು ಸಂಖ್ಯೆಯಾಗಿಸಿ, ಆ ಸಂಖ್ಯೆಯನ್ನೇ ದಿನಾಂಕ ಮತ್ತು ಸಮಯವಾಗಿ ಗಡಿಯಾರದಲ್ಲಿ ಬರೆಯುತ್ತದೆ. ಯಂತ್ರ ಸಿಕ್ಕಿಕೊಂಡ ಮೇಲೆ ಬಲವಂತವಾಗಿ ಮರುಪ್ರಾರಂಭಿಸಿದರೆ ಹೊಸ ಕರ್ನಲ್ ಆ ಸಂಖ್ಯೆಯನ್ನು ಓದಿ, ಅದಕ್ಕೆ ಹೊಂದುವ ಸಾಧನದ ಹೆಸರನ್ನು ದಾಖಲೆಯಲ್ಲಿ ತೋರಿಸುತ್ತದೆ. ಗಡಿಯಾರ ಓಡುತ್ತಲೇ ಇರುವುದರಿಂದ ಕೆಲವೇ ನಿಮಿಷಗಳೊಳಗೆ ಮರುಪ್ರಾರಂಭಿಸಬೇಕು. ತಡವಾದರೆ ಸಂಖ್ಯೆ ಕೆಡುತ್ತದೆ. ಪರೀಕ್ಷೆ ಗೆದ್ದರೂ ಸೋತರೂ ಯಂತ್ರದ ದಿನಾಂಕ ಅಸಂಬದ್ಧವಾಗುವುದರಿಂದ ನಂತರ ಅದನ್ನು ಸರಿಪಡಿಸುವುದು ಅಗತ್ಯ.

ಪರದೆ ಮಾತ್ರ ಕಪ್ಪಾಗಿದ್ದು ಯಂತ್ರ ಎಚ್ಚರವಾಗಿರುವ ಸಾಧ್ಯತೆಯೂ ಇದೆ. ಕೀಲಿಮಣೆಯ ಕ್ಯಾಪ್ಸ್ ಲಾಕ್ ದೀಪ ಸ್ಪಂದಿಸುವುದೇ, ಜಾಲದ ಮೂಲಕ ಇನ್ನೊಂದು ಗಣಕದಿಂದ ಪ್ರವೇಶಿಸಬಹುದೇ ಎಂದು ನೋಡಿದರೆ ಇದು ತಿಳಿಯುತ್ತದೆ. ಆಗ ದೋಷ ಗ್ರಾಫಿಕ್ಸ್ ಡ್ರೈವರ್‌ನದ್ದು. ಪರದೆಯ ಹೊಂದಾಣಿಕೆಯನ್ನು ಕರ್ನಲ್ಲೇ ವಹಿಸಿಕೊಳ್ಳುವ ವ್ಯವಸ್ಥೆ 2009ರಿಂದೀಚೆಗೆ ಬೇರೂರಿದ ಮೇಲೆ ಈ ದೂರು ಬಹಳ ಕಡಿಮೆಯಾಗಿದೆ.

ನಿದ್ರೆಯಲ್ಲಿ ಬ್ಯಾಟರಿ ಬರಿದಾಗುವುದು

ಎಸ್2ಐಡಲ್ ಬಳಸುವ ಯಂತ್ರಗಳಲ್ಲಿ ಇಂದು ಅತಿ ಹೆಚ್ಚಾಗಿ ಕೇಳಿಬರುವ ದೂರು ಇದು. ಎಸ್3ಯಲ್ಲಿ ವಿದ್ಯುತ್ ಕಡಿತವನ್ನು ಫರ್ಮ್‌ವೇರ್ ಖಚಿತಪಡಿಸುತ್ತದೆ. ಎಸ್2ಐಡಲ್‌ನಲ್ಲಿ ಹಾಗಲ್ಲ: ಪ್ರತಿಯೊಂದು ಸಾಧನವೂ ಸರಿಯಾಗಿ ಮಲಗಿದಾಗ ಮಾತ್ರ ಇಡೀ ವೇದಿಕೆ ಅತ್ಯಂತ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಯುತ್ತದೆ. ಒಂದು ಎಸ್‌ಎಸ್‌ಡಿ ಅಥವಾ ಕಾರ್ಡ್ ರೀಡರ್ ಎಚ್ಚರವಾಗಿದ್ದರೂ ಎಲ್ಲವೂ ಅರೆನಿದ್ರೆಯಲ್ಲಿ ಉಳಿಯುತ್ತವೆ. ಹೊರಗಿನಿಂದ ನೋಡುವವರಿಗೆ ಪರದೆ ಆರಿದ್ದು ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಇಂಟೆಲ್ ಯಂತ್ರಗಳಲ್ಲಿ ಆ ಸ್ಥಿತಿಯಲ್ಲಿ ಕಳೆದ ಒಟ್ಟು ಸಮಯವನ್ನು ಡೀಬಗ್‌ಎಫ್‌ಎಸ್‌ನ ‘ಪಿಎಂಸಿ ಕೋರ್’ ಕೋಶದಲ್ಲಿ ಮೈಕ್ರೋಸೆಕೆಂಡುಗಳಲ್ಲಿ ಓದಬಹುದು. ಮಲಗಿಸುವ ಮುನ್ನ ಮತ್ತು ಎದ್ದ ನಂತರ ಓದಿದ ಸಂಖ್ಯೆ ಒಂದೇ ಆಗಿದ್ದರೆ ಯಂತ್ರ ನಿಜವಾಗಿ ಮಲಗಿರಲೇ ಇಲ್ಲ ಎಂದರ್ಥ.

ತಾನಾಗಿಯೇ ಏಳುವ ಯಂತ್ರದ ವಿಷಯದಲ್ಲಿ ಎಬ್ಬಿಸಿದವರು ಯಾರು ಎಂಬುದನ್ನು ‘ಪಿಎಂ ವೇಕಪ್ ಐಆರ್‌ಕ್ಯು’ ಕಡತದಿಂದ ತಿಳಿಯಬಹುದು. ಯಾವ ಎಸಿಪಿಐ ಸಾಧನಗಳಿಗೆ ಎಬ್ಬಿಸುವ ಅಧಿಕಾರವಿದೆ ಎಂಬ ಪಟ್ಟಿ ಪ್ರಾಕ್ ಕಡತ ವ್ಯವಸ್ಥೆಯ ‘ಎಸಿಪಿಐ’ ಕೋಶದ ‘ವೇಕಪ್’ ಕಡತದಲ್ಲಿದೆ. ಸಾಧನದ ಹೆಸರನ್ನು ಅದರಲ್ಲಿ ಬರೆದರೆ ಅಧಿಕಾರ ಇದ್ದದ್ದು ಹೋಗುತ್ತದೆ, ಇಲ್ಲದ್ದು ಬರುತ್ತದೆ. ಆದ್ದರಿಂದ ಇದನ್ನು ಸ್ವಯಂಚಾಲಿತ ಸ್ಕ್ರಿಪ್ಟ್‌ನಲ್ಲಿ ಬಳಸುವವರು ಸದ್ಯದ ಸ್ಥಿತಿಯನ್ನು ಮೊದಲು ಓದಬೇಕು. ಸ್ಕ್ರಿಪ್ಟ್ ಎರಡು ಬಾರಿ ನಡೆದರೆ ಮೊದಲು ಮಾಡಿದ್ದು ರದ್ದಾಗುತ್ತದೆ.

ಹೈಬರ್ನೇಷನ್‌ನ ಅಪಾಯಗಳು

ಹೈಬರ್ನೇಷನ್‌ಗೆ ಸಾಕಷ್ಟು ಸ್ವಾಪ್ ಜಾಗ ಬೇಕು, ಮತ್ತು ಪ್ರತಿರೂಪ ಎಲ್ಲಿದೆ ಎಂಬುದನ್ನು ಬೂಟ್ ಸಮಯದಲ್ಲಿ ಕರ್ನಲ್‌ಗೆ ತಿಳಿಸಬೇಕು. ಸಾಮಾನ್ಯವಾಗಿ ಇದಕ್ಕೆ ‘ರೆಸ್ಯೂಮ್’ ಎಂಬ ಬೂಟ್ ಆಯ್ಕೆಯಿದೆ. ಸ್ವಾಪ್ ಕಡತವಾಗಿದ್ದರೆ ಡಿಸ್ಕ್‌ನಲ್ಲಿ ಅದು ಆರಂಭವಾಗುವ ಸ್ಥಾನವನ್ನೂ ಕೊಡಬೇಕು. ಪ್ರತಿರೂಪದ ಗಾತ್ರವನ್ನು ಮೆಮೊರಿಯ ಐದನೇ ಎರಡು ಭಾಗದೊಳಗೆ ಇರಿಸಲು ಕರ್ನಲ್ ಪ್ರಯತ್ನಿಸುತ್ತದೆಯಾದರೂ ಅದು ಖಚಿತ ಮಿತಿಯಲ್ಲ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಹಲವು ವಿತರಣೆಗಳು ‘ಲಾಕ್‌ಡೌನ್’ ಕ್ರಮವನ್ನು ಜಾರಿಗೊಳಿಸುತ್ತವೆ. ಆಗ ಹೈಬರ್ನೇಷನ್ ಸಿಗುವುದಿಲ್ಲ. ಡಿಸ್ಕ್‌ನಲ್ಲಿರುವ ಪ್ರತಿರೂಪವನ್ನು ಯಾರಾದರೂ ತಿದ್ದಿದರೆ ತಿದ್ದಿದ ಕರ್ನಲ್ಲೇ ಎಚ್ಚರಗೊಳ್ಳುತ್ತದೆ ಎಂಬುದು ಈ ನಿರ್ಬಂಧಕ್ಕೆ ಕಾರಣ. ಇದು ದೋಷವಲ್ಲ, ಉದ್ದೇಶಪೂರ್ವಕ ನಿರ್ಧಾರ.

ಇಲ್ಲಿಯವರೆಗಿನ ದೋಷಗಳಲ್ಲಿ ಹೆಚ್ಚಿನವು ಬ್ಯಾಟರಿಗೋ ಉಳಿಸದ ಕೆಲಸಕ್ಕೋ ಎರವಾಗುವಂಥವು. ಹೈಬರ್ನೇಷನ್‌ನಲ್ಲಿ ಮಾತ್ರ ಉಳಿಸಿದ ದತ್ತಾಂಶವೂ ಹಾಳಾಗಬಹುದು. ಪ್ರತಿರೂಪದೊಳಗಿನ ಕರ್ನಲ್‌ಗೆ ಡಿಸ್ಕ್‌ನ ಕಡತ ವ್ಯವಸ್ಥೆ ತಾನು ಮಲಗಿದಾಗ ಇದ್ದಂತೆಯೇ ಇದೆ ಎಂಬ ನಂಬಿಕೆ ಇರುತ್ತದೆ. ನಡುವೆ ಇನ್ನೊಂದು ವ್ಯವಸ್ಥೆಯನ್ನು ಬೂಟ್ ಮಾಡಿ ಅದೇ ವಿಭಾಗವನ್ನು ತೆರೆದು ಬರೆದರೆ, ಎಚ್ಚರಗೊಂಡ ಕರ್ನಲ್ ತನ್ನ ಹಳೆಯ ತಿಳಿವಳಿಕೆಯಂತೆ ಅದರ ಮೇಲೆಯೇ ಬರೆಯುತ್ತದೆ. ಓದಲು ಮಾತ್ರ ತೆರೆಯುವುದೂ ಸುರಕ್ಷಿತವಲ್ಲ; ಜರ್ನಲ್ ಇರುವ ಕಡತ ವ್ಯವಸ್ಥೆಗಳು ಆಗಲೂ ಬಾಕಿ ಬರವಣಿಗೆಯನ್ನು ಡಿಸ್ಕ್‌ಗೆ ಇಳಿಸಬಹುದು. ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿಕೊಂಡವರಿಗೆ ಇದರ ಇನ್ನೊಂದು ಮುಖ ಎದುರಾಗುತ್ತದೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಚಾಲನೆಯಲ್ಲಿದ್ದರೆ ಅದನ್ನು ಆರಿಸಿದಾಗಲೂ ಅದು ಭಾಗಶಃ ಹೈಬರ್ನೇಟ್ ಆಗಿರುತ್ತದೆ. ಅದರ ಎನ್‌ಟಿಎಫ್‌ಎಸ್ ವಿಭಾಗವನ್ನು ಬರೆಯಲು ತೆರೆಯಲು ಲಿನಕ್ಸ್‌ನ ಎನ್‌ಟಿಎಫ್‌ಎಸ್-3ಜಿ ನಿರಾಕರಿಸುವುದು ಈ ಕಾರಣಕ್ಕಾಗಿಯೇ. ಬಲವಂತ ಮಾಡುವ ಬದಲು ವಿಂಡೋಸ್‌ನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಬೇಕು.

ವರದಿ ಮತ್ತು ತಿದ್ದುಪಡಿ

ಒಂದು ಕರ್ನಲ್ ಆವೃತ್ತಿಯಲ್ಲಿ ಸರಿಯಿದ್ದು ಮುಂದಿನದರಲ್ಲಿ ಕೆಟ್ಟಿದ್ದರೆ ಗಿಟ್‌ನ ‘ಬೈಸೆಕ್ಟ್’ ಸೌಲಭ್ಯದಿಂದ ಕಾರಣವಾದ ಬದಲಾವಣೆಯನ್ನು ಪತ್ತೆ ಮಾಡಬಹುದು. ಸಾವಿರಾರು ಬದಲಾವಣೆಗಳಿದ್ದರೂ ಹನ್ನೆರಡು ಹದಿಮೂರು ಬಾರಿ ಕಟ್ಟಿ ಪರೀಕ್ಷಿಸಿದರೆ ಸಾಕಾಗುತ್ತದೆ. ವರದಿಯೊಂದಿಗೆ ಕರ್ನಲ್ ಆವೃತ್ತಿ, ಯಂತ್ರದ ನಿಖರ ಮಾದರಿ, ಫರ್ಮ್‌ವೇರ್ ಆವೃತ್ತಿ, ಕರ್ನಲ್ ದಾಖಲೆ ಮತ್ತು ‘ಎಸಿಪಿಐ ಡಂಪ್’ನಿಂದ ಪಡೆದ ಕೋಷ್ಟಕಗಳನ್ನು ಕೊಡುವುದು ವಾಡಿಕೆ. ಫರ್ಮ್‌ವೇರನ್ನು ಮೊದಲು ಹೊಸದಕ್ಕೆ ನವೀಕರಿಸಿ ನೋಡುವುದು ಎಷ್ಟೋ ಬಾರಿ ವರದಿಯ ಅಗತ್ಯವನ್ನೇ ತಪ್ಪಿಸುತ್ತದೆ.

ದೋಷ ಒಂದು ಮಾದರಿಯ ಯಂತ್ರಕ್ಕೆ ಮಾತ್ರ ಸೀಮಿತವೆಂದು ಖಚಿತವಾದಾಗ ಕರ್ನಲ್‌ನ ಸಾಮಾನ್ಯ ಸಂಕೇತವನ್ನು ಬದಲಿಸದೆ ಆ ಮಾದರಿಯ ಹೆಸರನ್ನು ಅಪವಾದಗಳ ಕೋಷ್ಟಕಕ್ಕೆ ಸೇರಿಸಲಾಗುತ್ತದೆ. ಬೂಟ್ ಸಮಯದಲ್ಲಿ ಕರ್ನಲ್ ಫರ್ಮ್‌ವೇರ್ ಹೇಳುವ ತಯಾರಕರ ಮತ್ತು ಮಾದರಿಯ ಹೆಸರನ್ನು ಈ ಕೋಷ್ಟಕಗಳೊಂದಿಗೆ ಹೋಲಿಸಿ, ಹೊಂದಿದರೆ ಬೇರೆ ದಾರಿ ಹಿಡಿಯುತ್ತದೆ. ಹೀಗೆ ಸೇರಿದ ನೂರಾರು ನಮೂದುಗಳಲ್ಲಿ ಅನೇಕವು ಅದೇ ಯಂತ್ರವನ್ನು ಬಳಸುತ್ತಿದ್ದವರು ಪರೀಕ್ಷಿಸಿ ಕಳುಹಿಸಿದ ವರದಿಗಳಿಂದ ಬಂದಿವೆ.